ಬೀದೀಲಿ ಬಾರಿಸೋ ಮಕ್ಕಳ ಕಾದಂಬರಿ ಬರೀಬೇಕಾ? ಮೊದ್ಲು ತಮಟೆ ಕಾಯಿಸೋದು ನೋಡ್ಕೊಂಡು ಬನ್ನಿ

ಕೆಲವು ವರ್ಷದ ಹಿಂದೆ ಒಂದು ಬೇಸಿಗೆ ಶಿಬಿರದಲ್ಲಿ ನಾನು ಬರೀತಿದ್ದ ಮಕ್ಕಳ ಕಾದಂಬರಿಯ ಮೊದಲ ಮೂರು ಅಧ್ಯಾಯ ಮಕ್ಕಳಿಗೆ ಓದಿದೆ. ಬಸ್ ಸ್ಟ್ಯಾಂಡಲ್ಲಿ ತಮಟೆ ಬಾರಿಸ್ಕೊಂಡು ಹಾಡ್ಕೊಂಡು ಇರೋ ಮೂರು ಮಕ್ಕಳ ಕಥೆ. ಹಸಿವು ಬರೆದಿದ್ದೆ, ಮಳೆ ಬರೆದಿದ್ದೆ, ಹರಿದ ಅಂಗಿ, ಕಾಯಿಲೆ ಬಿದ್ದ ಅವ್ವ, ಎಲ್ಲಾ ಇತ್ತು. ಓದಿ ಮುಗಿಸಿದ ಮೇಲೆ ಆರನೇ ಕ್ಲಾಸಿನ ಒಬ್ಬಳು ಕೈ ಎತ್ತಿ ಕೇಳಿದ್ಲು, "ಮಿಸ್, ಇವ್ರು ತಮಟೆ ಯಾವಾಗ ಕಾಯಿಸ್ತಾರೆ?" ನಂಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ. ಅವಳ ಮಾವ ತಮಟೆ ಸೆಟ್ಟಲ್ಲಿ ಬಾರಿಸ್ತಾರಂತೆ, ಚರ್ಮದ ತಮಟೇನ ಬೆಂಕಿಗೆ ಹಿಡಿದು ಬಿಗಿ ಮಾಡ್ಕೊಳ್ದೆ ಬಾರಿಸಿದ್ರೆ ಬರೀ ಬದ್ ಬದ್ ಅನ್ನುತ್ತೆ, ನಾನು ನೋಡಿದ್ರೆ ಮಳೇಲಿ ಪೂರ್ತಿ ನೆನೆದ ಮಕ್ಕಳು ಹಂಗೇ ನಿಂತು ಊರೇ ನಡುಗೋ ಹಾಗೆ ಬಾರಿಸಿದ್ರು ಅಂತ ಬರೆದಿದ್ದೆ. ಅವತ್ತು ಆ ಮೂರೂ ಅಧ್ಯಾಯ ಎತ್ತಿಟ್ಟು ಬೇರೆ ನೋಟ್‌ಬುಕ್ ತಗೊಂಡೆ.

ಇದನ್ನ ಯಾಕೆ ಮೊದಲೇ ಹೇಳ್ತಿದೀನಿ ಅಂದ್ರೆ, ಇಂಥ ಕಾದಂಬರಿ ಬರೆಯೋಕೆ ಹೊರಡೋರಲ್ಲಿ ಸುಮಾರು ಜನ ನಾನು ಬಿದ್ದ ಗುಂಡಿಗೇ ಬೀಳ್ತಾರೆ. ಬೀದೀಲಿ ಹಾಡೋ ಮಗು ಅಂದ ತಕ್ಷಣ ನಮಗೆ ಅದರ ಬಡತನ ಕಾಣುತ್ತೆ, ಅದರ ಕಸುಬು ಕಾಣಲ್ಲ. ಆದರೆ ಓದೋ ಮಗೂಗೆ ಬೇಕಾಗಿರೋದು ಕಸುಬೇ. ಹನ್ನೊಂದು ವರ್ಷದ ಹುಡುಗ ಓಡ್ತಿರೋ ಟ್ರೈನಲ್ಲಿ ಬ್ಯಾಲೆನ್ಸ್ ತಪ್ಪದೆ ನಿಂತು, ಒಂದು ಕೈಯಲ್ಲಿ ಎರಡು ಕಲ್ಲಿನ ಬಿಲ್ಲೆ ಟಕಟಕ ಅನ್ನಿಸ್ಕೊಂಡು ಹೇಗೆ ಹಾಡ್ತಾನೆ, ಯಾವ ಬೋಗಿಗೆ ಮೊದ್ಲು ಹತ್ತಬೇಕು ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ, ಇದನ್ನ ಹೇಳಿದ್ರೆ ಅದೇ ವಯಸ್ಸಿನ ಓದುಗ ಬಾಯಿ ಬಿಟ್ಕೊಂಡು ಕೇಳ್ತಾನೆ. ಪಾಪ ಅನ್ನಿಸೋಕೆ ಬರೆದ್ರೆ ಎರಡು ಪುಟಕ್ಕೆ ಅವನಿಗೂ ಬೇಜಾರು.

ಊರು: ಏನು ಬದಲಾಯ್ತು ಅನ್ನೋದು ಒಂದೇ ಇರಲಿ

"ಬದಲಾಗ್ತಿರೋ ಪಟ್ಟಣ" ಅಂತ ಅಂದ್ಕೊಂಡು ಮಾಲು, ಅಪಾರ್ಟ್‌ಮೆಂಟು, ಮೊಬೈಲು, ಫ್ಯಾಕ್ಟರಿ ಎಲ್ಲಾ ಒಟ್ಟಿಗೆ ತುಂಬಬೇಡಿ. ಒಂದು ಬದಲಾವಣೆ ಆರಿಸ್ಕೊಳ್ಳಿ, ಅದಕ್ಕೊಂದು ತಾರೀಖು ಇರಲಿ, ಅದರಿಂದ ನಿಮ್ಮ ಮಕ್ಕಳ ಕೈಗೆ ಬೀಳೋ ಚಿಲ್ಲರೆ ಹೇಗೆ ಕಮ್ಮಿನೋ ಜಾಸ್ತಿನೋ ಆಯ್ತು ಅಂತ ಲೆಕ್ಕ ಹಾಕಿ. ಅಷ್ಟು ಸಾಕು.

ನಾನು ತಗೊಂಡಿದ್ದು ನಮ್ಮ ಕಡೆದೇ, ಬೆಂಗಳೂರು ಮೈಸೂರು ರಸ್ತೆ. ಮೊದಲೆಲ್ಲಾ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲದರ ಹೊಟ್ಟೆಯೊಳಗೇ ಹೈವೇ ಹಾದು ಹೋಗ್ತಿತ್ತು. ಕಾರಿನೋರು ವಡೆ ತಿನ್ನೋಕೆ ನಿಲ್ಲಿಸೋರು, ಚನ್ನಪಟ್ಟಣದಲ್ಲಿ ಮಕ್ಕಳು ಹಠ ಹಿಡಿದು ಗೊಂಬೆ ಕೊಡಿಸ್ಕೊಳ್ಳೋರು, ಬಸ್ಸು ಹತ್ತು ನಿಮಿಷ ಕಾಫಿಗೆ ನಿಲ್ಲೋದು. ಆ ಹತ್ತು ನಿಮಿಷವೇ ಹಾಡೋರ ಜೀವನ. 2023ರ ಮಾರ್ಚ್ 12ಕ್ಕೆ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಸುಮಾರು 118 ಕಿಲೋಮೀಟರ್, ಸರ್ವೀಸ್ ರಸ್ತೆ ಸೇರಿ 10 ಲೇನು, ಊರೊಳಗೆ ಬರದೆ ಪಕ್ಕದಲ್ಲೋ ಮೇಲ್ಸೇತುವೆ ಮೇಲೋ ದಾಟ್ಕೊಂಡು ಹೋಗೋದು. ಮೂರು ಗಂಟೆ ದಾರಿ ಒಂದೂವರೆ ಗಂಟೆ ಆಯ್ತು, ಒಳ್ಳೇದೇ, ಆಂಬುಲೆನ್ಸಿಗೂ ಒಳ್ಳೇದು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಅದರ ಮೇನ್ ರಸ್ತೆಗೆ ಪ್ರವೇಶ ಇಲ್ಲ ಅಂದ್ರು. ಹಳೇ ರಸ್ತೇಲಿ ಉಳಿದಿದ್ದು ಊರಿನವರು, ಲೋಕಲ್ ಬಸ್ಸು, ಖಾಲಿ ಹೋಟೆಲ್ ಬೋರ್ಡು.

ಟ್ರೈನೂ ಹಾಗೇ. ಒಂದೇ ಹಳಿ ಇದ್ದಾಗ ಎದುರು ಗಾಡಿ ಬರೋವರೆಗೂ ಸಣ್ಣ ಸ್ಟೇಷನ್ನಲ್ಲಿ ಕ್ರಾಸಿಂಗ್ ಅಂತ ನಿಲ್ಲಿಸೋರು, ಕಡ್ಲೇಕಾಯಿಯವ್ರು, ವಡೆಯವ್ರು, ಹಾಡೋರು ಎಲ್ಲಾ ಆವಾಗಲೇ ಹತ್ತೋದು. ಜೋಡಿ ಹಳಿ ಬಂದ ಮೇಲೆ ಆ ಕಾಯೋ ಹೊತ್ತು ಕರಗೋಯ್ತು.

ನೋಡಿ, ಇಲ್ಲಿ ಯಾರೂ ಕೆಟ್ಟವರಿಲ್ಲ. ರಸ್ತೆ ಬೇಕಿತ್ತು, ರಸ್ತೆ ಬಂತು, ನಿಲ್ಲೋ ಬಸ್ಸು ನಿಲ್ಲಲಿಲ್ಲ. ಮಕ್ಕಳ ಕಾದಂಬರಿಗೆ ಇಷ್ಟು ಸ್ಪಷ್ಟವಾಗಿರೋ ಬದಲಾವಣೆ ಬೇಕು, ಯಾಕಂದ್ರೆ ಹತ್ತು ವರ್ಷದ ಓದುಗರಿಗೆ ಅದನ್ನ ಕೈಬೆರಳಲ್ಲಿ ತೋರಿಸಬಹುದು: ಅಗೋ ಬಸ್ಸು, ಮೇಲೆ ಹೋಗ್ತಿದೆ, ನಾವು ಕೆಳಗೆ ನಿಂತಿದೀವಿ. ನಿಮ್ಮ ಕಡೆ ಇನ್ನೇನೋ ಇರಬಹುದು, ಸಂತೆ ಮೈದಾನಕ್ಕೆ ಬೇಲಿ ಬಿದ್ದಿರಬಹುದು, ಮಿಲ್ಲು ಮುಚ್ಚಿರಬಹುದು. ಯಾವುದಾದ್ರೂ ಸರಿ, ಒಂದು.

ಊರ ಹೆಸರು ಮಾತ್ರ ಹುಟ್ಟಿಸ್ಕೊಳ್ಳಿ. ನಾನು ಹೊಂಗೆಪೇಟೆ ಅಂತಿಟ್ಟೆ. ಹೆಸರು ಸುಳ್ಳಾದ್ರೂ ದೂರಗಳು ಸುಳ್ಳಾಗಬಾರದು, ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿಗೆ ನಡೆದ್ರೆ ಎಷ್ಟು ಹೊತ್ತು, ದಾರೀಲಿ ಯಾವ ಅಂಗಡಿ ಮೊದಲು ಸಿಗುತ್ತೆ, ಮಧ್ಯಾಹ್ನ ನೆರಳು ಯಾವ ಕಡೆ ಬೀಳುತ್ತೆ, ಒಂದು ಹಾಳೇಲಿ ನಕ್ಷೆ ಬರೆದು ಗೋಡೆಗೆ ಅಂಟಿಸಿ.

ಕಿವಿಯಿಂದ ಶುರು ಮಾಡಿ

ನಾವು ಬರೆಯೋರು ಎಲ್ಲಾನೂ ಕಣ್ಣಿಂದ ನೋಡಿ ಬರೀತೀವಿ. ಆದರೆ ನಿಮ್ಮ ಕಥೆಯ ಮಕ್ಕಳು ಊರನ್ನ ಕೇಳಿಸ್ಕೊಳ್ಳೋರು. ಹಾಗಾಗಿ ಒಂದು ವಾರ ಈ ಕೆಲಸ ಮಾಡಿ: ಬೆಳಗಿನ ಜಾವ ಐದೂವರೆಗೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರೂವರೆಗೆ ಬಸ್ ಸ್ಟ್ಯಾಂಡಲ್ಲಿ ಹತ್ತತ್ತು ನಿಮಿಷ ಕೂತ್ಕೊಳ್ಳಿ, ನೋಡೋದನ್ನ ಬರೀಬೇಡಿ, ಕೇಳೋದನ್ನ ಮಾತ್ರ ಬರೀರಿ. ನನ್ನ ನೋಟ್‌ಬುಕ್ಕಲ್ಲಿ ಬಂದಿದ್ದು ಹೀಗೆ: ಕಂಡಕ್ಟರ್ ತಗಡಿನ ಮೇಲೆ ಹೊಡೆಯೋ ಎರಡೇಟು, ದೋಸೆ ಕಾವಲಿ ಮೇಲೆ ನೀರು ಚಿಮುಕಿಸೋ ಚುಯ್ಯ್, ಎಳನೀರಿನವನ ಮಚ್ಚು, ದೇವಸ್ಥಾನದಲ್ಲಿ ಕರೆಂಟಿಗೆ ಬಡಿದುಕೊಳ್ಳೋ ಯಂತ್ರದ ನಗಾರಿ, ಮಸೀದಿಯ ಆಜಾನು, ಅಂಗಡಿಯಂಗಡೀಲೂ ಕ್ಯೂಆರ್ ದುಡ್ಡು ಬಂದಾಗ ಕೂಗೋ ಪೆಟ್ಟಿಗೆ ಮಾತಾಡ್ತಿರುತ್ತೆ, ಇಷ್ಟು ರೂಪಾಯಿ ಬಂತು ಅಂತ.

ಆಮೇಲೆ ಅರವತ್ತು ದಾಟಿದ ಯಾರನ್ನಾದ್ರೂ ಕೇಳಿ, ನೀವು ಚಿಕ್ಕವರಿದ್ದಾಗ ಇದೇ ಜಾಗದಲ್ಲಿ ಏನು ಕೇಳಿಸ್ತಿತ್ತು ಅಂತ. ನಂಗೆ ಒಬ್ಬ ಅಜ್ಜಿ ಹೇಳಿದ್ರು, ಬೆಳಗಿನ ಜಾವ ಬುಡಬುಡಿಕೆಯವನು ಬರ್ತಿದ್ದ, ನಾವು ಕಂಬಳಿ ಮುಖಕ್ಕೆ ಎಳ್ಕೊಂಡು ನಮ್ಮನೆಗೆ ಏನು ಶಕುನ ಹೇಳ್ತಾನೋ ಅಂತ ಉಸಿರು ಬಿಗಿಹಿಡಿದು ಕೇಳ್ತಿದ್ವಿ ಅಂತ. ಶನಿವಾರ ದಾಸಯ್ಯ ಶಂಖ ಜಾಗಟೆ ಹಿಡ್ಕೊಂಡು ಬರೋದು, ಸುಗ್ಗಿ ಟೈಮಲ್ಲಿ ಕೋಲೆ ಬಸವ, ಕಿನ್ನರಿ ಜೋಗಿಗಳು ಸೋರೆ ಬುರುಡೆ ಕಟ್ಟಿದ ಕಿನ್ನರಿ ನುಡಿಸ್ಕೊಂಡು ಅರ್ಜುನ ಜೋಗಿ ಕಥೆ ಹೇಳೋದು. ಈ ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ನಿಮ್ಮ ಪಟ್ಟಣ ಏನು ಕಳ್ಕೊಂಡಿದೆ, ಏನು ತಗೊಂಡಿದೆ ಅಂತ ನೀವು ಒಂದು ಸಾಲೂ ವಿವರಣೆ ಕೊಡದೆ ಗೊತ್ತಾಗುತ್ತೆ. ನನ್ನ ಮೊದಲ ಅಧ್ಯಾಯದಲ್ಲಿ ಈಗ ಇರೋದು ಇಷ್ಟೇ, ಒಂದು ಬೆಳಗ್ಗೆ ಹುಡುಗನಿಗೆ ಎಚ್ಚರ ಆಗುತ್ತೆ, ದಿನಾ ಎಬ್ಬಿಸ್ತಿದ್ದ ಮೈಸೂರು ಬಸ್ಸಿನ ಹಾರ್ನ್ ಇವತ್ತು ಕೇಳಿಸಲಿಲ್ಲ.

ಕಸುಬು: ಇಲ್ಲೇ ಜಾಸ್ತಿ ದಿನ ಕಳೀರಿ

ಮಂಡ್ಯ, ಮಳವಳ್ಳಿ, ಕೊಳ್ಳೇಗಾಲದ ಕಡೆಯವರಿಗೆ ತಂಬೂರಿಯವರು ಅಂದ್ರೆ ಹೊಸದಾಗಿ ಹೇಳಬೇಕಿಲ್ಲ. ತಂಬೂರಿಯವರು ಅಂದ್ರೆ ನೀಲಗಾರರು, ಮಂಟೇಸ್ವಾಮಿ, ಸಿದ್ದಪ್ಪಾಜಿ ಅನ್ನೋ ಸಂತರ ಕಥೆ ಹಾಡೋರು, ದೀಕ್ಷೆ ತಗೊಂಡು ಆಗೋದು ಅದು, ಸುಮ್ನೆ ಹಾಡು ಬಂದ್ರೆ ಸಾಲದು. ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಘಲ್ ಅನ್ನೋ ಗಗ್ಗರ, ಹಿಂದೆ ಡಕ್ಕೆ ಅನ್ನೋ ಸಣ್ಣ ಚರ್ಮವಾದ್ಯ, ತಾಳ ಹಿಡಿದ ಹಿಮ್ಮೇಳದವರು. ಮುಂದಿನವನು ಕಥೆ ಎತ್ತಿಕೊಂಡು ಹೋಗ್ತಾನೆ, ಹಿಮ್ಮೇಳದವರು ಸೊಲ್ಲು, ಅಂದ್ರೆ ಮತ್ತೆ ಮತ್ತೆ ಬರೋ ಪಲ್ಲವಿ, ಹಿಡೀತಾರೆ. ಮಲೆ ಮಾದಪ್ಪನ ಭಕ್ತರಾದ ದೇವರಗುಡ್ಡರು ಕಂಸಾಳೆಯವರು, ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ, ಅದು ಬೇರೆ ಪರಂಪರೆ, ಎರಡನ್ನೂ ಕಲಸಬೇಡಿ. ಹೊರಗಿನವರು ಬರೆದಿದ್ದರಲ್ಲಿ ನಾನು ಜಾಸ್ತಿ ನೋಡಿರೋ ತಪ್ಪು ಇದೇ, ಎಲ್ಲರ ಕೈಗೂ ಎಲ್ಲಾ ವಾದ್ಯ ಕೊಟ್ಟುಬಿಡೋದು.

ಇನ್ನು ತಮಟೆ. ಬಳೆಗೆ ಚರ್ಮ ಬಿಗಿದಿರ್ತಾರೆ, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಬಾರಿಸೋ ಮುಂಚೆ ಹುಲ್ಲು, ಪೇಪರು, ಏನಾದ್ರೂ ಉರಿ ಹಾಕಿ ಚರ್ಮ ತೋರಿಸ್ತಾರೆ, ಮಧ್ಯೆ ಮಧ್ಯೆ ಬೆರಳಲ್ಲಿ ತಟ್ಟಿ ಕಿವಿ ಕೊಡ್ತಾರೆ, ಜಾಸ್ತಿ ಕಾದ್ರೆ ಹರಿದು ಹೋಗುತ್ತೆ, ಕಮ್ಮಿ ಕಾದ್ರೆ ಮಂಕಾಗುತ್ತೆ. ಈಗ ಸುಮಾರು ಸೆಟ್ಟಿನವರು ಬೋಲ್ಟ್ ಬಿಗಿಯೋ ಪ್ಲಾಸ್ಟಿಕ್ ತಮಟೆ ಇಟ್ಟಿದಾರೆ, ಮಳೆಯೂ ಲೆಕ್ಕಕ್ಕಿಲ್ಲ, ಬೆಂಕಿಯೂ ಬೇಡ, ಸೌಂಡು ಮಾತ್ರ ತೆಳ್ಳಗೆ, ಚೂಪಾಗಿ. ಇದೊಂದು ವಿಷಯದಲ್ಲೇ ಒಂದು ಇಡೀ ಅಧ್ಯಾಯ ಇದೆ. ನನ್ನ ಕಥೆಯ ಕೆಂಪಿ, ಹನ್ನೆರಡು ವರ್ಷ, ಚಿಕ್ಕಪ್ಪ ಪ್ಲಾಸ್ಟಿಕ್ ತಮಟೆ ತಂದುಕೊಟ್ರೆ ಖುಷಿಪಡ್ತಾಳೆ, ಹಗುರ ಅಂತ. ಗೆಳೆಯ ಸಿದ್ದ ಮೂತಿ ತಿರುಗಿಸ್ತಾನೆ. ಇಬ್ಬರದೂ ಸರಿ. ಆ ಜಗಳವನ್ನ ನಾನು ಬಗೆಹರಿಸೋಕೆ ಹೋಗಲಿಲ್ಲ.

ನುಡಿಸೋರ ಹತ್ರ ಹೋದಾಗ ಒಂದು ಮುಖ್ಯವಾದ್ದು ಕೇಳಿ: ಈ ಪೆಟ್ಟನ್ನ ಬಾಯಲ್ಲಿ ಹೇಗೆ ಹೇಳ್ತೀರಾ? ಚಿಕ್ಕೋರಿಗೆ ಕಲಿಸೋದು ಬಾಯಲ್ಲೇ ಅಲ್ವಾ. ಒಂದೊಂದು ತಂಡದ್ದು ಒಂದೊಂದು ಥರ ಇರುತ್ತೆ. ಆ ಬಾಯಿಮಾತೇ ನಿಮ್ಮ ಕಾದಂಬರಿಯಲ್ಲಿ ಬರಬೇಕು, ನೀವು ಮನೇಲಿ ಕೂತು ಹುಟ್ಟಿಸಿದ ಢಂ ಢಂ ಅಲ್ಲ. ಸೌಂಡಿಗೆ ಕನ್ನಡದಲ್ಲಿ ಪದಕ್ಕೆ ಬರ ಇಲ್ಲ, ಘಲ್ ಅನ್ನೋದೇ ಬೇರೆ, ಘಲಘಲ ಅನ್ನೋದೇ ಬೇರೆ, ಝಣ್ ಅನ್ನೋದೇ ಬೇರೆ, ಆದರೆ ಪುಟಕ್ಕೆ ಒಂದೆರಡು ಸಾಕು.

ವಾದ್ಯಗಳನ್ನ ಹತ್ತಿರದಿಂದ ನೋಡೋಕೆ ರಾಮನಗರದ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, 1994ರಲ್ಲಿ ಶುರುವಾಗಿದ್ದು, ಹಳೇ ಮೈಸೂರು ರಸ್ತೆ ಪಕ್ಕದಲ್ಲೇ ಇದೆ. ಲೋಕಮಹಲ್ ಅನ್ನೋ ಮ್ಯೂಸಿಯಮ್ಮಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕಳೆಯಬಹುದು. ಆದರೆ ಗಾಜಿನ ಹಿಂದೆ ಇರೋ ವಾದ್ಯಕ್ಕೆ ಬೆವರಿನ ವಾಸನೆ ಇರಲ್ಲ, ಅದಕ್ಕೆ ಜಾತ್ರೆಗೂ ಹೋಗಬೇಕು. ಜನವರಿ ಹುಣ್ಣಿಮೆ ಹೊತ್ತಿಗೆ ಚಿಕ್ಕಲ್ಲೂರು ಜಾತ್ರೆ, ಮೊದಲ ರಾತ್ರಿ ಚಂದ್ರಮಂಡಲ ಅಂತ ಬಿದಿರಲ್ಲಿ ಕಟ್ಟಿದ್ದಕ್ಕೆ ಬೆಂಕಿ ಹಚ್ಚುತ್ತಾರೆ. ಶಿವರಾತ್ರಿ ಸುತ್ತಮುತ್ತ ಕಪ್ಪಡಿ ಜಾತ್ರೆ. ಅಲ್ಲಿ ಅಜ್ಜನ ಪಕ್ಕದಲ್ಲಿ ತಾಳ ಹಿಡಿದು ತೂಕಡಿಸ್ತಾ, ಸೊಲ್ಲು ಬಂದಾಗ ಮಾತ್ರ ಕರೆಕ್ಟಾಗಿ ಎಚ್ಚರ ಆಗೋ ಹುಡುಗರನ್ನ ನೋಡ್ತೀರಾ. ಆ ಎಚ್ಚರಾನೇ ವರ್ಷಗಟ್ಟಲೆ ಕಲಿತಿದ್ದು, ಆರನೇ ಕ್ಲಾಸಿನವಳು ನನ್ನ ಹತ್ರ ಹುಡುಕಿದ್ದು ಅದನ್ನೇ.

ಮಕ್ಕಳಿಗೆ ಏನು ಬೇಕು

ಊಟ ಬೇಕು, ಸರಿ. ಅದು ಎಲ್ರಿಗೂ ಬೇಕು. ಪಾತ್ರ ಆಗೋದು ಅದಕ್ಕಿಂತ ಸಣ್ಣದೊಂದು ಆಸೆಯಿಂದ. ಸಿದ್ದನಿಗೆ ತಾತನ ತಂಬೂರಿ ಹೆಗಲ ಮೇಲೆ ಹೊರಬೇಕು ಅಂತ ಆಸೆ, ತಾತ ಇನ್ನೂ ಮುಟ್ಟೋಕೆ ಬಿಟ್ಟಿಲ್ಲ. ಕೆಂಪಿಗೆ ಗಣಪತಿ ಮೆರವಣಿಗೇಲಿ ಮುಂದಿನ ಸಾಲಲ್ಲಿ ಬಾರಿಸಬೇಕು, ಹುಡುಗಿ ಯಾಕೆ ತಮಟೆ ಹಿಡಿಯೋದು ಅಂತ ಅನ್ನೋರು ಇದಾರೆ. (ಹೆಂಗಸರದೇ ತಮಟೆ ತಂಡಗಳು ಈಗ ಇವೆ, ಅವರನ್ನ ಕಂಡು ಮಾತಾಡ್ಸಿದ್ರೆ ಕೆಂಪಿ ಬಗ್ಗೆ ನಿಮಗೆ ಹತ್ತು ಹೊಸ ವಿಷಯ ಸಿಗುತ್ತೆ.) ಮೂರನೆಯವಳು ಶಬ್ಬು, ಅವಳಪ್ಪ ಚನ್ನಪಟ್ಟಣದ ಗೊಂಬೆ ಕೆಲಸದೋರು, ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕೋರು. ಹಳೇ ರಸ್ತೇಲಿ ಗೊಂಬೆ ಅಂಗಡಿ ಮುಂದೆ ಕಾರು ನಿಲ್ಲದಂಗಾದ ಮೇಲೆ ಮನೇಲಿ ಗಿಲಕಿಗಳ ರಾಶಿ ಬಿದ್ದಿದೆ. ಶಬ್ಬುಗೆ ಆ ಗಿಲಕಿಗಳಲ್ಲಿ ಯಾವುದರ ಒಳಗೆ ಎಷ್ಟು ಕಾಳಿದೆ ಅಂತ ಅಲ್ಲಾಡಿಸಿದ್ರೇ ಗೊತ್ತಾಗುತ್ತೆ. ಮೂರು ಜನರ ತಂಡ ಹುಟ್ಟೋದು ಹೀಗೆ, ಯಾರೋ ಸೇರಿಸಿದ್ದರಿಂದ ಅಲ್ಲ, ಒಂದೇ ರಸ್ತೆ ಮೂರು ಮನೆಗೂ ತಟ್ಟಿದ್ದರಿಂದ.

ದುಡ್ಡಿನ ಲೆಕ್ಕ ಮುಚ್ಚಿಡಬೇಡಿ. ಮಕ್ಕಳಿಗೆ ಲೆಕ್ಕ ಇಷ್ಟ. ಇವತ್ತು ಎಷ್ಟು ಬಂತು, ಅದರಲ್ಲಿ ಬಸ್ಸಿಗೆಷ್ಟು, ಟೀಗೆಷ್ಟು, ಮೂರು ಪಾಲು ಮಾಡಿದ್ರೆ ಉಳಿಯೋ ಒಂದು ರೂಪಾಯಿ ಯಾರಿಗೆ. ಮೊದಲು ತಂಬೂರಿಯವರ ಜೋಳಿಗೆಗೆ ರಾಗಿ, ಭತ್ತ ಬೀಳ್ತಿತ್ತು, ಆಮೇಲೆ ಚಿಲ್ಲರೆ, ಈಗ ಚಿಲ್ಲರೇನೂ ಯಾರ ಜೇಬಲ್ಲೂ ಇಲ್ಲ. ಕೋಲೆ ಬಸವನ ಹಣೆಗೆ ಕ್ಯೂಆರ್ ಕೋಡ್ ಕಟ್ಟಿರೋದನ್ನ ನೀವೂ ನೋಡಿರ್ತೀರಾ. ಆದರೆ ಹನ್ನೊಂದು ವರ್ಷದವನ ಹೆಸರಲ್ಲಿ ಕ್ಯೂಆರ್ ಎಲ್ಲಿಂದ ಬರಬೇಕು? ಯಾರೋ ದೊಡ್ಡವರ ಅಕೌಂಟಿಗೆ ಹೋಗಬೇಕು, ಹಾಡಿದ್ದು ಇವರು, ಪೆಟ್ಟಿಗೆ ಕೂಗಿದ್ದು ಅವರ ಅಂಗಡೀಲಿ. ನಿಮ್ಮ ಕಾದಂಬರಿಯ ನಡುಭಾಗಕ್ಕೆ ಇದಕ್ಕಿಂತ ಒಳ್ಳೆ ಗಂಟು ಬೇಕಾ? ನಂಬಿಕೆ, ಮೋಸ, ಅನುಮಾನ ಎಲ್ಲಾ ಒಂದು ಸ್ಟಿಕ್ಕರಲ್ಲೇ ಇದೆ. ನಾನಿದನ್ನ ಬಾಳೆಹಣ್ಣಿನ ಗಾಡಿಯವ್ವನ ಕ್ಯೂಆರ್ ಅಂತ ಮಾಡ್ದೆ, ಅವಳು ಒಳ್ಳೆಯವಳು, ಆದರೆ ಫೋನು ಅವಳ ಮಗನ ಕೈಯಲ್ಲಿ.

ಜಾತಿ ವಿಷಯ ದಾಟಿಸ್ಕೊಂಡು ಹೋಗಬೇಡಿ

ಮಕ್ಕಳ ಪುಸ್ತಕ ಅಲ್ವಾ, ಬೇಡ ಬಿಡಿ ಅಂತ ನಂಗೂ ಹೇಳಿದ್ರು. ಆದರೆ ತಮಟೆ ಹಿಡಿದ ಮಗೂಗೆ ಇದು ಗೊತ್ತಿಲ್ದೆ ಇರಲ್ಲ. ಸಾವಿಗೆ ಬಾರಿಸು ಅಂತ ಕರೆಯೋದು, ಹಬ್ಬಕ್ಕೆ ಬಾರಿಸಿದ ಮೇಲೆ ಊಟಕ್ಕೆ ದೂರ ಕೂರಿಸೋದು, ಇದನ್ನೆಲ್ಲಾ ನೋಡಿ ನಮ್ಮ ಮಕ್ಕಳು ಇನ್ನು ತಮಟೆ ಮುಟ್ಟಬಾರದು ಅಂತ ಬಿಟ್ಟ ಮನೆಗಳಿವೆ. ಅದು ಕಲೆ ಮೇಲಿನ ಸಿಟ್ಟಲ್ಲ, ಮರ್ಯಾದೆ ಪ್ರಶ್ನೆ. ಇನ್ನೊಂದು ಕಡೆ, ಇದು ನಮ್ಮದು, ತಲೆ ಎತ್ಕೊಂಡೇ ಬಾರಿಸ್ತೀವಿ ಅನ್ನೋರೂ ಇದಾರೆ, ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೆಂಪಿಯ ಅಪ್ಪ ಬೇಡ ಅನ್ನೋರು, ಚಿಕ್ಕಪ್ಪ ಬಾರಿಸು ಅನ್ನೋರು. ಇಬ್ಬರಿಗೂ ಅವಳ ಮೇಲೆ ಪ್ರೀತಿ. ಹೀಗೆ ಬರೆದ್ರೆ ಮಕ್ಕಳಿಗೆ ಅರ್ಥ ಆಗುತ್ತೆ, ನಮಗಿಂತ ಬೇಗ ಅರ್ಥ ಆಗುತ್ತೆ. ಭಾಷಣ ಬೇಡ, ಒಂದು ಲೋಟದ ಕಥೆ ಸಾಕು: ಮೆರವಣಿಗೆ ಮುಗಿದ ಮೇಲೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಪಾನಕ, ಬಾರಿಸಿದೋರಿಗೆ ಮಾತ್ರ ಪೇಪರ್ ಲೋಟ. ಶಬ್ಬು ಕೇಳ್ತಾಳೆ, ನಿಂದ್ಯಾಕೆ ಬೇರೆ? ಕೆಂಪಿ ಏನೂ ಹೇಳಲ್ಲ, ಲೋಟ ಮುದುರಿ ಕೆಳಗೆ ಹಾಕ್ತಾಳೆ. ಅಲ್ಲಿಗೆ ಅಧ್ಯಾಯ ನಿಲ್ಲಿಸಿ.

ಸ್ಕೂಲು, ಪೊಲೀಸು, ಕಾನೂನು

ಇದನ್ನ ಸರಿಯಾಗಿ ತಿಳ್ಕೊಳ್ದೆ ಬರೆಯೋಕೆ ಹೋದ್ರೆ ಕಥೆ ಸಿನಿಮಾ ಥರ ಆಗುತ್ತೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14ರೊಳಗಿನವರನ್ನ ಯಾವ ಕೆಲಸಕ್ಕೂ ಇಟ್ಕೊಳ್ಳೋ ಹಾಗಿಲ್ಲ, ಸ್ಕೂಲು ಬಿಟ್ಟ ಮೇಲೆ ಅಥವಾ ರಜೇಲಿ ಮನೆಯವರ ಕಸುಬಿಗೆ ಕೈಜೋಡಿಸಬಹುದು ಅನ್ನೋದೊಂದು ವಿನಾಯ್ತಿ, ಅದೂ ಅಪಾಯದ ಕೆಲಸ ಆಗಿರಬಾರದು. ಹಾಗಾದ್ರೆ ಸಿದ್ದ ತಾತನ ಜೊತೆ ಬೆಳಗ್ಗೆ ಮನೆಮನೆಗೆ ಹೋಗಿ ಹಾಡೋದು ಮನೆ ಕಸುಬಾ, ದುಡಿಮೆನಾ, ಭಿಕ್ಷೆನಾ? ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಹಾಡು, ಕುಣಿತದ ನೆಪದಲ್ಲಿ ಕೈಯೊಡ್ಡೋದನ್ನೂ ಭಿಕ್ಷೆ ಅಂತಲೇ ಸೇರಿಸಿತ್ತು. ತಾತನ ಪಾಲಿಗೆ ಅದು ಸೇವೆ, ಜೋಳಿಗೆ ಹಿಡಿಯೋದು ದೀಕ್ಷೆಯ ಭಾಗ. ಒಂದೇ ಕೆಲಸಕ್ಕೆ ಮೂರು ಹೆಸರು, ಯಾರು ನೋಡ್ತಾರೆ ಅನ್ನೋದರ ಮೇಲೆ.

ನನ್ನ ಕಥೇಲಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋದು ಸಿದ್ದನ ಕ್ಲಾಸ್ ಟೀಚರೇ. ಅವರಿಗೆ ಅವನ ಮೇಲೆ ಅಕ್ಕರೆ, ಅಟೆಂಡೆನ್ಸ್ ಬೀಳ್ತಿದೆ ಅನ್ನೋ ಚಿಂತೆ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ತಾತ ನಿಲ್ಲಬೇಕಾಗುತ್ತೆ. ಬರೆಯೋವಾಗ ನಂಗೆ ತುಂಬಾ ಕಷ್ಟ ಆಗಿದ್ದು ಈ ಅಧ್ಯಾಯ, ಯಾಕಂದ್ರೆ ನಾನೂ ಟೀಚರ್, ನಾನೂ ಆ ಫೋನ್ ಮಾಡ್ತಿದ್ದೆ. ಮಗು ಸ್ಕೂಲಲ್ಲಿರಬೇಕು, ಅದರಲ್ಲಿ ನಂಗೆ ಎರಡು ಮಾತಿಲ್ಲ. ಆದರೆ ಸ್ಕೂಲಿಗೆ ಬಂದ ಮೇಲೆ ಅವನು ಕಲಿತಿರೋ ಇಡೀ ರಾತ್ರಿಯ ಕಥೆಗೆ ನಾವು ಎಷ್ಟು ಮಾರ್ಕ್ಸ್ ಕೊಡ್ತೀವಿ? ಆ ಪ್ರಶ್ನೆ ಟೀಚರ್ ಪಾತ್ರದ ತಲೇಲಿ ಇರಲಿ, ಉತ್ತರ ಬೇಡ. ಇನ್ನೊಂದು, ಧ್ವನಿವರ್ಧಕ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕೋ ಹಾಗಿಲ್ಲ ಅಂತ 2000ದ ನಿಯಮ ಇದೆಯಲ್ಲ, ರಾತ್ರಿಯಿಡೀ ನಡೀತಿದ್ದ ಕಥೆ ಮೈಕಿಲ್ದೆ ಹೇಗೆ ನಡೀಬೇಕು ಅನ್ನೋದೂ ಒಂದು ಚೆಂದದ ಪ್ರಸಂಗ ಆಗುತ್ತೆ. ನಾನು ಬಳಸ್ಕೊಂಡಿಲ್ಲ, ನೀವು ತಗೊಳ್ಳಿ.

ಹಾಡುಗಳನ್ನ ನೀವೇ ಬರೀರಿ

ಮಂಟೇಸ್ವಾಮಿ ಕಾವ್ಯದ ಸಾಲುಗಳನ್ನ ಎತ್ತಿ ಅಲ್ಲಲ್ಲಿ ಅಂಟಿಸಬೇಡಿ. ಅದು ನಂಬಿ ಹಾಡೋರ ಸ್ವತ್ತು, ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಕಟ್ಟಳೆ ಇದೆ. ತಾತ ಹಾಡಿದರು ಅಂತ ಬರೆದು ಕೇಳ್ತಿರೋರ ಮುಖ ಬರೀರಿ. ಮಕ್ಕಳು ಹಾಡೋದಕ್ಕೆ ಮಾತ್ರ ಹೊಸ ಹಾಡು ಬೇಕು, ಮಕ್ಕಳೇ ಕಟ್ಟಿದ ಹಾಗಿರಬೇಕು, ಪ್ರಾಸ ಒರಟಾಗಿದ್ರೂ ಪರವಾಗಿಲ್ಲ, ಕಾಲಲ್ಲಿ ತಾಳ ಹಾಕೋಕೆ ಬರಬೇಕು. ನನ್ನ ಮೂವರು ಖಾಲಿ ಬಸ್ ಸ್ಟ್ಯಾಂಡಲ್ಲಿ ಕೂತು ಕಟ್ಟಿದ್ದು ಇದು:

ಬೈಪಾಸ್ ಮ್ಯಾಲೆ ಬಸ್ಸು ಹೋಯ್ತು
ಬಾಳೆಹಣ್ಣು ಬುಟ್ಟೀಲುಳೀತು
ಡಂಡಣಕ ಡಂಡಣಕ
ಯಾರಿಗ್ ಕೊಡಾನ ಹೇಳೆ ಅಕ್ಕ
ಹಸಿದೋರ್ಗೆಲ್ಲ ಒಂದೊಂದ್ ಪಕ್ಕ

ಇದನ್ನ ಹತ್ತು ಸಲ ಜೋರಾಗಿ ಹಾಡಿ ನೋಡಿದೀನಿ, ಅಡುಗೆ ಮಾಡ್ತಾ ಡಬ್ಬ ಬಡಿದು. ಎಲ್ಲಿ ನಾಲಗೆ ತೊಡರುತ್ತೋ ಅಲ್ಲಿ ಪದ ಬದಲಾಯಿಸ್ದೆ. ಹಾಡು ಕಾಗದದ ಮೇಲೆ ಚೆನ್ನಾಗಿ ಕಂಡ್ರೆ ಸಾಲದು.

ಭಾಷೆ, ಉದ್ದ, ಇತ್ಯಾದಿ

ಮಾತುಕತೆ ಆ ಸೀಮೆಯದೇ ಇರಲಿ. "ಎಲ್ಲಿಗ್ಲಾ ವೊಂಟೆ", "ತಾತ ಕರೀತಾವ್ನೆ ಬಾರ್ಲಾ", "ಸುಮ್ಕಿರಮ್ಮಿ" ಅಂತ ಮಂಡ್ಯದ ಮಕ್ಕಳು ಮಾತಾಡೋದನ್ನ ಪುಸ್ತಕದ ಕನ್ನಡ ಮಾಡಿದ್ರೆ ಅವರು ಅಲ್ಲೇ ಸತ್ತುಹೋಗ್ತಾರೆ. ನಿರೂಪಣೆ ಮಾತ್ರ ಸ್ವಲ್ಪ ಸರಾಗವಾಗಿರಲಿ, ಬೀದರಿನ ಮಗುವೂ ಓದಬೇಕಲ್ಲ. ಸೀಮೆ ಮಾತನ್ನ ನಗೆಪಾಟಲಿಗೆ ಬಳಸಬೇಡಿ, ಅದು ಸಿನಿಮಾ ಕಾಮಿಡಿಯಿಂದ ಬಂದ ರೋಗ. ಶಬ್ಬು ಮನೇಲಿ ಉರ್ದು, ಬೀದೀಲಿ ಇದೇ ಕನ್ನಡ, ಅಪ್ಪನ್ನ ಅಬ್ಬಾ ಅಂತಾಳೆ, ಕೆಂಪಿ ಅಪ್ಪನ್ನ ಅಯ್ಯ ಅಂತಾಳೆ.

ಉದ್ದ ಅಂದ್ರೆ, ನನ್ನ ಅನಿಸಿಕೆ ಹತ್ತರಿಂದ ಹದಿಮೂರು ವಯಸ್ಸಿನವರಿಗೆ 20 ಸಾವಿರ ಪದ ಸುತ್ತಮುತ್ತ ಸಾಕು, ಅಧ್ಯಾಯ ಒಂದು ಕ್ಲಾಸ್ ಪೀರಿಯಡ್ಡಲ್ಲಿ ಓದಿ ಮುಗಿಯೋ ಹಾಗಿದ್ರೆ ಟೀಚರುಗಳು ಓದ್ತಾರೆ. ಬರೆದಿದ್ದನ್ನ ಮಕ್ಕಳ ಮುಂದೆ ಜೋರಾಗಿ ಓದಿ, ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅಂತಾರೆ. ಅವರು ಯಾವ ಸಾಲಲ್ಲಿ ಪಕ್ಕದವರ ಕಡೆ ತಿರುಗಿದ್ರು ಅಂತ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ.

ಕೊನೆ ಬಗ್ಗೆ ಒಂದೇ ಮಾತು, ಟಿವಿ ಶೋನಲ್ಲಿ ಗೆಲ್ಲಿಸಬೇಡಿ. ಸ್ಟೇಜು, ಲೈಟು, ಜಡ್ಜ್ ಕಣ್ಣೀರು, ಆಮೇಲೆ ಊರಿಗೆ ಊರೇ ಬದಲಾಗೋದು, ಇದು ಆ ಮಕ್ಕಳ ಬೀದಿಗೆ ಮಾಡೋ ಅವಮಾನ, ಬೀದಿ ಅನ್ನೋದು ಸ್ಟೇಜಿಗೆ ಹೋಗೋವರೆಗಿನ ಕಾಯೋ ಜಾಗ ಅಂದಂಗೆ. ಬೈಪಾಸೂ ವಾಪಸ್ ಹೋಗಲ್ಲ. ನನ್ನ ಕಥೇಲಿ ಕೊನೆಗೆ ಆಗೋದು ಸಣ್ಣದು: ಊರವರೇ ಸಂಜೆ ಹೊತ್ತು ಖಾಲಿ ಹಳೇ ಹೈವೇಲಿ ವಾಕಿಂಗ್ ಬರೋಕೆ ಶುರು ಮಾಡ್ತಾರೆ, ಲಾರಿ ಭಯ ಇಲ್ವಲ್ಲ, ಮಕ್ಕಳು ಸೈಕಲ್ ಕಲೀತಾರೆ, ಇಷ್ಟು ದಿನ ಹೊರಗಿನೋರಿಗೆ ಹಾಡ್ತಿದ್ದ ಮೂವರಿಗೆ ಮೊದಲ ಸಲ ತಮ್ಮ ಊರೇ ಎದುರು ನಿಂತು ಕೇಳುತ್ತೆ. ಆ ದಿನ ತಾತ ತಂಬೂರೀನ ಹೆಗಲಿಂದ ಇಳಿಸಿ ಟೀ ಕುಡಿಯೋವರೆಗೆ ಹಿಡ್ಕೊ ಅಂತ ಸಿದ್ದನಿಗೆ ಕೊಡ್ತಾರೆ. ಟೀ ಕುಡಿಯೋವರೆಗೆ ಮಾತ್ರ.

ಅಚ್ಚಿಗೆ ಕೊಡೋ ಮುಂಚೆ ಇನ್ನೊಂದು ಕೆಲಸ ಬಾಕಿ ಇರುತ್ತೆ. ಯಾರ ಹತ್ರ ಕೇಳಿ ಕಲಿತ್ರೋ ಅವರ ಮನೆಗೆ ಹೋಗಿ ಅವರ ಕಸುಬಿನ ಅಧ್ಯಾಯ ಓದಿ ಹೇಳಿ, ಅವರ ಒಂದು ದಿನದ ಕೆಲಸ ಕೆಡಿಸಿದ್ದಕ್ಕೆ ದುಡ್ಡು ಕೊಡಿ, ಪುಸ್ತಕದಲ್ಲಿ ಹೆಸರು ಹಾಕಬಹುದಾ ಅಂತ ಕೇಳಿ, ಬೇಡ ಅಂದ್ರೆ ಬೇಡ. ನಾನು ಹೋದಾಗ ಆ ಹುಡುಗಿಯ ಮಾವ ಜಗುಲಿ ಮೇಲೆ ಕೂತು ತಮಟೆ ಕಾಯಿಸೋ ಭಾಗ ಪೂರ್ತಿ ಕೇಳಿದ್ರು, ಆಮೇಲೆ ಹೇಳಿದ್ರು, "ಎಲ್ಲಾ ಸರಿ ಕನ್ ಟೀಚ್ರಮ್ಮ, ಆದ್ರೆ ಮಗ ಬೆಂಕಿಗೆ ಎದ್ರು ನಿಂತವ್ಳೆ ಅಂತ ಬರ್ದಿದ್ದೀರಲ್ಲ, ಗಾಳಿ ಯಾವ್ ಕಡೆಯಿಂದ ಬತ್ತಾ ಅದೆ ಅಂತ ಬರ್ದಿಲ್ಲ. ಹೊಗೆ ಕಣ್ಗೆ ಬಂದ್ರೆ ಚರ್ಮ ನೋಡದು ಎಂಗೆ?" ಕೆಂಪೀನ ಗಾಳಿಗೆ ಬೆನ್ನು ಮಾಡಿ ನಿಲ್ಲಿಸ್ದೆ.